ಬಚ್ಚಲ ಬಾಯ್ಲರಿನ ಗಾಳಿಯ ಹದ

ಅಡಿಗೆಯ ಮನೆಯ ಒಲೆಯ ವಿಷಯವಾಗಿ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಬಚ್ಚಲ ಮನೆಯ ಬೆಂಕಿಯ ವಿಷಯವಾಗಿ ಲೇಖನಿಯನ್ನು ಹಿಡಿದವರು ಮಾತ್ರ ವಿರಳ. ಅದಕ್ಕೆ ಕಾರಣವೂ ಸ್ಪಷ್ಟವಾಗಿಯೇ ಇದೆ. ಅಡಿಗೆ ಕೆಟ್ಟರೆ ಮನೆಯವರೆಲ್ಲರೂ ಆ ಹೊತ್ತಿಗೇ ಆಡಿಬಿಡುತ್ತಾರೆ; ಸ್ನಾನದ ನೀರು ಕಾಯದಿದ್ದರೆ ಎರಡು ತಂಬಿಗೆ ತಣ್ಣೀರನ್ನು ಸುರಿದುಕೊಂಡು ಸುಮ್ಮನಾಗುತ್ತಾರೆ. ಅದರಲ್ಲಿಯೂ ರಾಯಚೂರಿನಂಥ ಊರಿನಲ್ಲಿ, ಬೇಸಿಗೆಯ ದಿನಗಳಲ್ಲಿ ನಲ್ಲಿಯ ನೀರೇ ಕೈಸುಡುವಂತೆ ಬರುವ ಸೀಮೆಯಲ್ಲಿ, ಬಿಸಿನೀರಿನ ಚಿಂತೆ ಯಾತಕ್ಕೆಂದು ನಗುವವರು ಉಂಟು. ಮನೆಯಲ್ಲಿ ಒಬ್ಬ ಬಾಣಂತಿಯೂ ಒಂದು ಹಸುಗೂಸೂ ಇದ್ದು, ಪುಷ್ಯಮಾಸದ ಥಂಡಿ ಬಿದ್ದಿತೆಂದರೆ ಈ ನಗೆಯು ನಿಂತುಹೋಗುತ್ತದೆ.

ಕಳೆದ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಹಾಗೆಯೇ ಆಯಿತು. ಮಗಳು ಚೊಚ್ಚಲ ಹೆರಿಗೆಗೆಂದು ಬೆಂಗಳೂರಿನಿಂದ ತವರಿಗೆ ಬಂದಿದ್ದಳು. ಮಾರ್ಗಶಿರದ ಕೊನೆಯಲ್ಲಿ ಗಂಡುಮಗುವಾಯಿತು. ಬಾಣಂತನವನ್ನು ನೋಡಿಕೊಳ್ಳುವದಕ್ಕೆ ಮಾನವಿಯಿಂದ ನನ್ನ ಅಕ್ಕನವರು ಬಂದು ನಿಂತರು. ಅವರಿಗೆ ಈಗ ಎಪ್ಪತ್ತೆರಡು ವರ್ಷ. ಹತ್ತು ಹನ್ನೆರಡು ಬಾಣಂತನಗಳನ್ನು ಮಾಡಿ ಪಳಗಿದ ಕೈ. ಎಣ್ಣೆ ಹಚ್ಚುವದಕ್ಕೆ, ಎರೆಯುವದಕ್ಕೆ, ಲೋಬಾನದ ಹೊಗೆ ಹಾಕುವದಕ್ಕೆ, ಕಾರದ ಪುಡಿ ಕಲಸಿ ತಿನ್ನಿಸುವದಕ್ಕೆ ಎಲ್ಲಕ್ಕೂ ಅವರದೊಂದು ಕ್ರಮವುಂಟು. ಆ ಕ್ರಮದೊಳಗೆ ಒಂದು ಭಾಗ, ರಾತ್ರಿಯಲ್ಲಿ ಬಾಣಂತಿಯ ಮಂಚದ ಕೆಳಗೆ ಕೆಂಡದ ಶೆಗಡಿಯನ್ನಿಟ್ಟು ಕಿಟಕಿ ಬಾಗಿಲುಗಳನ್ನು ಬಿಗಿಯಾಗಿ ಮುಚ್ಚುವದು. ನಾನು ಆಕ್ಷೇಪಿಸಿದೆನು. "ಬಾಣಂತಿಗಿ ಗಾಳಿ ಬಡೀಬಾರದು ತಮ್ಮಾ, ನಿನಗ ಇದೆಲ್ಲಾ ತಿಳ್ಯಂಗಿಲ್ಲ" ಎಂದು ಅವರು ಬಾಗಿಲನ್ನು ಮುಂದಕ್ಕೆ ಮಾಡಿಕೊಂಡರು. ಕಿಟಕಿಯ ಒಂದು ಕದವನ್ನಾದರೂ ತೆರೆದಿಡಬೇಕೆಂದು ಹೇಳಿ ತೆರೆಯಿಸಿ ಬಂದೆನು. ನಾನು ಮಲಗಿದ ಮೇಲೆ ಅದೂ ಮುಚ್ಚಲ್ಪಟ್ಟಿತು.

ಎಂಟನೆಯ ರಾತ್ರಿ ಎರಡು ಗಂಟೆಯ ಹೊತ್ತಿಗೆ ಮಗಳು ಕರೆದದ್ದು ಕೇಳಿಸಿತು. "ಅಪ್ಪಾ, ತಲಿ ಭಾರ ಆಗ್ಯಾದ, ವಾಂತಿ ಬಂದಂಗ ಆಗ್ಲಿಕ್ಕತ್ಯಾದ" ಎಂದಳು. ದನಿಯಲ್ಲಿ ಶಕ್ತಿ ಇರಲಿಲ್ಲ. ಕೂಸು ಹಾಲಿಗೆ ಬಾಯಿ ಹಾಕದೆ ಜೋತುಬಿದ್ದಂತೆ ಇತ್ತು. ಬಾಗಿಲು ಕಿಟಕಿಗಳನ್ನು ತೆರೆದು, ಶೆಗಡಿಯನ್ನು ಅಂಗಳಕ್ಕೆ ಒಯ್ದಿಟ್ಟು, ತಾಯಿ ಮಗುವನ್ನು ಕಂಬಳಿಯಲ್ಲಿ ಹೊದಿಸಿ ಪಡಸಾಲೆಗೆ ತಂದೆವು. ಆಮೇಲೆ ಆಸ್ಪತ್ರೆಗೆ ಒಯ್ದೆವು. ವೈದ್ಯರು ಹೆಚ್ಚು ಮಾತಾಡುವವರಲ್ಲ. "ಕೋಣೆಯಲ್ಲಿ ಕೆಂಡವಿತ್ತೇ?" ಎಂಬದೇ ಅವರ ಮೊದಲನೆಯ ಪ್ರಶ್ನೆಯಾಗಿತ್ತು. ಇಬ್ಬರಿಗೂ ಪ್ರಾಣವಾಯುವನ್ನು ಕೊಟ್ಟರು. ಬೆಳಕು ಹರಿಯುವಷ್ಟರಲ್ಲಿ ಕೂಸು ಗಟ್ಟಿಯಾಗಿ ಅತ್ತಿತು. ಆ ಅಳುವಿನಷ್ಟು ಹಿತವಾದ ಧ್ವನಿಯನ್ನು ನಾನು ನನ್ನ ಆಯುಷ್ಯದಲ್ಲಿ ಕೇಳಿದ್ದು ಕಡಿಮೆ.

ಅಕ್ಕನವರು ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಮೂರನೆಯ ದಿನ ನನ್ನ ಬಳಿ ಬಂದು ಕುಳಿತು, ನಿಜವಾಗಿ ತಿಳಿದುಕೊಳ್ಳಬೇಕೆಂಬ ಭಾವದಿಂದ ಕೇಳಿದರು: "ಹೊಗಿ ಒಂಚೂರೂ ಇದ್ದಿಲ್ಲ. ನಿಗಿನಿಗಿ ಕೆಂಡ, ಮ್ಯಾಲ ಬೂದಿ ಮುಚ್ಚಿತ್ತು. ಹೊಗಿ ಇಲ್ಲದ ಬೆಂಕಿ ಹ್ಯಾಂಗ ತ್ರಾಸ ಕೊಡ್ತದ?"

ಪ್ರಶ್ನೆಯು ಪಂಡಿತರು ಕೇಳಬೇಕಾದಂಥದು. ತರ್ಕಸಂಗ್ರಹವನ್ನು ಓದಿದವರಿಗೆ ನೆನಪಿರುತ್ತದೆ: ಹೊಗೆಯಿದ್ದಲ್ಲಿ ಬೆಂಕಿಯುಂಟೆಂದು ಹೇಳಬಹುದು, ಬೆಂಕಿಯಿದ್ದಲ್ಲಿ ಹೊಗೆಯುಂಟೆಂದು ಹೇಳಲಿಕ್ಕೆ ಬಾರದು. ಕಾಯ್ದ ಕಬ್ಬಿಣದ ಉಂಡೆಯಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯುಂಟಾಗುವದಕ್ಕೆ ಹಸಿಯ ಉರುವಲಿನ ಸಂಯೋಗವು ಬೇಕೆಂದು ನೈಯಾಯಿಕರು ನಿಶ್ಚಯಿಸಿದರು. ಅದು ಸರಿಯೇ. ಆದರೆ ಅವರು ಕಣ್ಣಿಗೆ ಕಾಣುವ ಹೊಗೆಯನ್ನು ಕುರಿತು ವಿಚಾರಿಸಿದರು; ಕಾಣದ ಹೊಗೆಯೊಂದುಂಟೆಂಬದು ರಸಾಯನಶಾಸ್ತ್ರವು ಬೆಳೆದ ಮೇಲೆ ತಿಳಿದ ಮಾತು. ಇದ್ದಲು ಬೇಕಾದಷ್ಟು ಗಾಳಿಯೊಡನೆ ಉರಿದರೆ ಕಾರ್ಬನ್ ಡೈಆಕ್ಸೈಡು ಆಗುತ್ತದೆ. ಗಾಳಿ ಸಾಲದೆ ಹೋದರೆ ಅರ್ಧ ಉರಿದು ಕಾರ್ಬನ್ ಮೊನಾಕ್ಸೈಡು ಆಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಇದು ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಹಸುಗೂಸು ದೊಡ್ಡವರಿಗಿಂತ ವೇಗವಾಗಿ ಉಸಿರಾಡುವದರಿಂದ ಅದಕ್ಕೆ ಬೇಗನೆ ತಗಲುತ್ತದೆ. ಬೂದಿ ಮುಚ್ಚಿದ ಕೆಂಡವು ಸೌಮ್ಯವೆಂದು ನಾವು ತಿಳಿಯುತ್ತೇವೆ. ಬೂದಿಯೇ ಗಾಳಿಯನ್ನು ತಡೆಯುವದರಿಂದ ಅದು ಈ ವಿಷವನ್ನು ಬಿಡುತ್ತಲೇ ಇರುತ್ತದೆ. ಬಚ್ಚಲಲ್ಲಿ ಅನಿಲದ ಗೀಜರುಗಳನ್ನು ಹಾಕಿಸಿ ಕಿಟಕಿಯನ್ನು ಮುಚ್ಚಿಕೊಳ್ಳುವ ಪಟ್ಟಣದ ಮನೆಗಳಲ್ಲಿಯೂ ಇದೇ ವಿಷದಿಂದ ಸಾವುಗಳಾಗಿವೆ.

ಅಕ್ಕನವರು ಇದನ್ನೆಲ್ಲ ಕೇಳಿ, "ಹಂಗಾರ ಕೂಸಿಗಿ ಬೆಚ್ಚಗ ಹ್ಯಾಂಗ ಇಡೂದು?" ಎಂದರು. ಶೆಗಡಿಯನ್ನು ತೆಗೆದ ಮಾತ್ರಕ್ಕೆ ಚಳಿ ಹೋಗಲಿಲ್ಲವಷ್ಟೆ. ಕಡೆಗೆ ನಮ್ಮಿಬ್ಬರಲ್ಲಿ ಒಂದು ಒಪ್ಪಂದವಾಯಿತು: ಕೋಣೆಯೊಳಗೆ ಕೆಂಡವು ಬರಕೂಡದು, ಅದಕ್ಕೆ ಬದಲಾಗಿ ಬಿಸಿನೀರು ತುಂಬಿ ಬಾಯಿ ಬಿಗಿದ ರಬ್ಬರಿನ ಚೀಲಗಳನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಕೂಸಿನ ಮೈಗೆ ತಾಗದಂತೆ ಹಾಸಿಗೆಯ ಕಾಲಕಡೆಗೆ ಇಡತಕ್ಕದ್ದು. ಆದರೆ ನಸುಕಿನ ಐದು ಗಂಟೆಗೆ ಎರೆಯುವದಕ್ಕೆ, ಸಂಜೆಗೆ ಮತ್ತೊಮ್ಮೆ, ರಾತ್ರಿ ಹನ್ನೊಂದಕ್ಕೂ ಮೂರಕ್ಕೂ ಚೀಲಕ್ಕೆ, ಯಾವಾಗ ಕೇಳಿದರೂ ಬಿಸಿನೀರು ಇರಬೇಕು. ಒಂದು ಸಲ ತಪ್ಪಿದರೂ ಶೆಗಡಿಯು ಒಳಗೆ ಬರುವದೆಂದು ಅವರು ಹೇಳಿದರು. ಹೀಗೆ ಬಾಯ್ಲರಿನ ಭಾರವು ನನ್ನ ಮೇಲೆ ಬಿದ್ದಿತು.

ವಿದ್ಯುತ್ತಿನ ಗೀಜರು ಇಲ್ಲವೇ ಎಂದು ವಾಚಕರು ಕೇಳಬಹುದು. ಇದೆ, ಚಿಕ್ಕದು, ವಿದ್ಯುತ್ತು ಇದ್ದಾಗ ಕಾಯುತ್ತದೆ. ಇಪ್ಪತ್ತು ಕಿಲೋಮೀಟರಿನ ಆಚೆ ಶಕ್ತಿನಗರದಲ್ಲಿ ಕೃಷ್ಣೆಯ ದಂಡೆಯ ಮೇಲೆ ಎಂಟು ಘಟಕಗಳ, 1,720 ಮೆಗಾವಾಟಿನ ವಿದ್ಯುತ್ ಕೇಂದ್ರವನ್ನಿಟ್ಟುಕೊಂಡೂ ನಮ್ಮ ಓಣಿಯಲ್ಲಿ ನಸುಕಿನಲ್ಲಿ ದೀಪ ಹೋಗುವದನ್ನು ಕಂಡಾಗ, ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಯನ್ನು ಮಾಡಿದವನು ರಾಯಚೂರಿನವನೇ ಇರಬೇಕೆಂದು ತೋರುತ್ತದೆ. ಇರಲಿ.

ದೇವದುರ್ಗದಲ್ಲಿ ನಮ್ಮ ಹಿರಿಯರ ಮನೆಯ ಅಟ್ಟದ ಮೇಲೆ ತಾಮ್ರದ ಬಾಯ್ಲರೊಂದು ಬಹುಕಾಲದಿಂದ ಬಿದ್ದಿತ್ತು. ಅದನ್ನು ತರಿಸಿ, ತೂತುಗಳನ್ನು ಬೆಸೆಯಿಸಿದೆನು. ಇದರ ರಚನೆಯನ್ನು ಕಾಣದ ಕಿರಿಯರಿಗಾಗಿ ಎರಡು ಮಾತು ಹೇಳಬೇಕು. ಸೊಂಟದೆತ್ತರದ ತಾಮ್ರದ ಕೊಳಗ. ಅದರ ನಡುವೆ ಕೆಳಗಿನಿಂದ ಮೇಲಿನವರೆಗೆ ಒಂದು ಕೊಳವೆ. ಕೊಳವೆಯ ಸುತ್ತಲೂ ನೀರು, ಕೊಳವೆಯ ಬುಡದಲ್ಲಿ ಕಬ್ಬಿಣದ ಸರಳುಗಳ ಜಾಲರಿ, ಜಾಲರಿಯ ಮೇಲೆ ಇದ್ದಲು, ಕೆಳಗೆ ಬೂದಿಯ ಗೂಡು. ಮೇಲಿನ ಲಾಳಿಕೆಯಲ್ಲಿ ತಣ್ಣೀರು ಹಾಕಿದರೆ ಅದು ತಳಕ್ಕೆ ಇಳಿದು, ಮೇಲಿದ್ದ ಬಿಸಿನೀರನ್ನು ಮೂತಿಯಿಂದ ಹೊರಗೆ ನೂಕುತ್ತದೆ. ಬೇಕಾದಷ್ಟು ತಣ್ಣೀರು ಹಾಕಿದರೆ ಅಷ್ಟೇ ಬಿಸಿನೀರು ಬರುತ್ತದೆ. ಆದ್ದರಿಂದ ಕೊಳಗವು ಎಂದಿಗೂ ಬರಿದಾಗುವದಿಲ್ಲ. ನೀರು ತುಂಬದೆ ಬೆಂಕಿ ಹಾಕಿದರೆ ಬೆಸುಗೆ ಕರಗಿಹೋಗುತ್ತದೆ. ಮೂತಿಗೆ ಬಿರಡೆ ಹಾಕಿ ಮುಚ್ಚಿದರೆ ಒಳಗಿನ ಉಗಿಯು ಹೊರಗೆ ಹೋಗಲಾರದೆ ಕೊಳಗವನ್ನೇ ಸೀಳುತ್ತದೆ. ಈ ಎರಡನ್ನು ಮಾತ್ರ ಮನೆಯ ಮಕ್ಕಳಿಗೂ ಕಲಿಸಿರಬೇಕು.

ಬಾಯ್ಲರನ್ನು ಬಚ್ಚಲ ಗೋಡೆಯಲ್ಲಿ ಕೂರಿಸುವದಕ್ಕೆ ಒಬ್ಬ ಗೌಂಡಿಯನ್ನು ಕರೆಸಿದೆವು. ಮೂತಿ ಬಚ್ಚಲೊಳಗೆ, ಬೆಂಕಿಯ ಬಾಯಿ ಅಂಗಳದ ಕಡೆಗೆ, ಹೊಗೆಯ ಕೊಳವೆ ಮಾಳಿಗೆಯ ಮೇಲಕ್ಕೆ. ಅಷ್ಟರಮಟ್ಟಿಗೆ ಕೆಲಸ ಚೊಕ್ಕಟವಾಗಿತ್ತು. ಆದರೆ ಬೂದಿಯು ಅಂಗಳಕ್ಕೆ ಹಾರಬಾರದೆಂದು ಆತನು ಬೂದಿಗೂಡಿನ ಬಾಯಿಗೆ ಇಟ್ಟಿಗೆಯನ್ನಿಟ್ಟು ಸುಣ್ಣದ ಗಾರೆಯಿಂದ ಮುಚ್ಚಿಬಿಟ್ಟು, ಮೂರು ಬೆರಳಿನ ಸಂದನ್ನು ಮಾತ್ರ ಬಿಟ್ಟಿದ್ದನು. ಹೊಗೆಯ ಕೊಳವೆಯ ತುದಿಗೆ ಪಾರಿವಾಳ ಬಾರದಂತೆ ತಗಡಿನ ಟೊಪ್ಪಿಗೆಯನ್ನು ಬಿಗಿಯಾಗಿ ಕೂರಿಸಿದ್ದನು. ಫಲವೇನೆಂದರೆ ಬೆಂಕಿ ಹೊತ್ತುವದೇ ಇಲ್ಲ. ಊದುಗೊಳವೆಯಿಂದ ಊದಿದಷ್ಟು ಹೊತ್ತು ಕೆಂಪಾಗುವದು, ನಿಲ್ಲಿಸಿದರೆ ಕಪ್ಪಾಗುವದು. ನಲವತ್ತು ಲೀಟರು ನೀರು ಕಾಯುವದಕ್ಕೆ ಕಿಲೋದ ಮೇಲೆ ಇದ್ದಲು, ಒಂದೂವರೆ ಗಂಟೆ ಹೊತ್ತು. ಮೊದಲನೆಯ ದಿನ ಅಕ್ಕನವರು ಎರಡು ಸಲ ಶೆಗಡಿಯ ಕಡೆಗೆ ನೋಡಿದರು.

ಗಣಿತವನ್ನು ನೋಡಿದರೆ ಇದು ಅನ್ಯಾಯದ ಖರ್ಚು. ನಲವತ್ತು ಲೀಟರು ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 1,400 ಕಿಲೋ ಕ್ಯಾಲರಿ ಶಾಖ ಬೇಕು. ಒಂದು ಕಿಲೋ ಒಳ್ಳೆಯ ಇದ್ದಲಿನಲ್ಲಿ ಸುಮಾರು 7,000 ಇರುತ್ತದೆ. ಒಂದಿಷ್ಟೂ ನಷ್ಟವಿಲ್ಲದಿದ್ದರೆ 200 ಗ್ರಾಂ ಸಾಕು. ಮನೆಯ ಬಾಯ್ಲರಿನಲ್ಲಿ ಅರ್ಧಕ್ಕರ್ಧ ನಷ್ಟವಾಗುವದೆಂದು ಬಿಟ್ಟುಕೊಟ್ಟರೂ 400 ಗ್ರಾಮಿನಲ್ಲಿ ಮುಗಿಯಬೇಕು. ಉಳಿದದ್ದು ಎಲ್ಲಿ ಹೋಯಿತು? ಇದೇ ಕಣ್ಣಿಗೆ ಕಾಣದ ವಿಷದಲ್ಲಿ ಹೋಯಿತು. ಒಂದು ಕಿಲೋ ಶುದ್ಧ ಇಂಗಾಲವು ಪೂರ್ತಿಯಾಗಿ ಉರಿದರೆ 7,800 ಕಿಲೋ ಕ್ಯಾಲರಿಯಷ್ಟು ಶಾಖ ಕೊಡುತ್ತದೆ. ಅರ್ಧ ಉರಿದು ಮೊನಾಕ್ಸೈಡಾದರೆ ಕೊಡುವದು 2,200 ಮಾತ್ರ. ಮಗಳ ಕೋಣೆಯಲ್ಲಿ ಪ್ರಾಣವನ್ನು ತೆಗೆಯಲಿಕ್ಕೆ ಬಂದದ್ದೇ ಬಚ್ಚಲಲ್ಲಿ ನಮ್ಮ ಕಾಸನ್ನು ತೆಗೆಯುತ್ತಿತ್ತು.

ಇದ್ದಲಿಗೆ ಎಷ್ಟು ಗಾಳಿ ಬೇಕೆಂಬದನ್ನು ಕೇಳಿದರೆ ಯಾರಿಗಾದರೂ ಆಶ್ಚರ್ಯವಾದೀತು. ಒಂದು ಕಿಲೋ ಇದ್ದಲಿಗೆ ಹನ್ನೊಂದು ಹನ್ನೆರಡು ಕಿಲೋ ಗಾಳಿ! ಏಳಡಿ ಉದ್ದ, ಏಳಡಿ ಅಗಲ, ಏಳಡಿ ಎತ್ತರದ ಕೋಣೆಯೊಂದನ್ನು ತುಂಬುವಷ್ಟು. ನಾವು ತೂಕ ಮಾಡಿ ಕೊಳ್ಳುವದು ಇದ್ದಲನ್ನು. ಒಲೆಯು ಉಣ್ಣುವ ಆಹಾರದಲ್ಲಿ ಹೆಚ್ಚಿನ ಪಾಲು ಗಾಳಿ. ಅಮರಕೋಶದಲ್ಲಿ ಅಗ್ನಿಗೆ ವಾಯುಸಖನೆಂಬ ಹೆಸರುಂಟು, ಕೃಷ್ಣವರ್ತ್ಮನೆಂಬ ಹೆಸರೂ ಉಂಟು. ಹುಡುಗನಾಗಿದ್ದಾಗ ಇವನ್ನು ಬಾಯಿಪಾಠ ಮಾಡಿದವನಿಗೆ ಅರವತ್ತರ ಹತ್ತಿರ ಬಚ್ಚಲ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಾಗ ಅರ್ಥವಾಯಿತು: ಒಂದು ಹೆಸರು ಬೂದಿಗೂಡಿನ ಬಾಗಿಲಿಗೆ, ಇನ್ನೊಂದು ಹೊಗೆಯ ಕೊಳವೆಗೆ. ಇದು ನನ್ನ ಅರ್ಥ, ವ್ಯಾಖ್ಯಾನಕಾರರು ಒಪ್ಪಲಿಕ್ಕಿಲ್ಲ.

ಮಾನವಿಯಲ್ಲಿ ಅಕ್ಕಿಯ ಗಿರಣಿಯೊಂದರಲ್ಲಿ ಬಾಯ್ಲರು ನಡೆಯಿಸುವವನು ನನ್ನ ಹಳೆಯ ವಿದ್ಯಾರ್ಥಿ. ಸಂಸ್ಕೃತದಲ್ಲಿ ವಿಭಕ್ತಿಗಳೆಲ್ಲ ಅವನಿಗೆ ಒಂದೇ ಆಗಿದ್ದವು; ಬೆಂಕಿಯ ವಿಷಯದಲ್ಲಿ ಅವನು ನನಗೆ ಗುರು. ತುಂಗಭದ್ರೆಯ ಎಡದಂಡೆಯ ಕಾಲುವೆಯು ಬಂದ ಮೇಲೆ ಆ ಸೀಮೆಯಲ್ಲಿ ಭತ್ತವಾಯಿತು, ಭತ್ತದ ಹಿಂದೆ ಗಿರಣಿಗಳು ಬಂದವು. ಅಲ್ಲಿ ಭತ್ತವನ್ನು ಉಗಿಯಲ್ಲಿ ಹದಮಾಡುವ ಬಾಯ್ಲರುಗಳಿಗೆ ಭತ್ತದ ಹೊಟ್ಟೇ ಉರುವಲು. ಹೊಟ್ಟಿನಲ್ಲಿ ಐದರಲ್ಲಿ ಒಂದು ಪಾಲು ಬೂದಿ. ಗಾಳಿ ಕೆಟ್ಟರೆ ಗುಡ್ಡೆಗುಡ್ಡೆಯಾಗಿ ಕರಿಯ ಬೂದಿ ಬೀಳುತ್ತದೆ. ಆದ್ದರಿಂದ ಅವನ ಕಣ್ಣು ಯಾವಾಗಲೂ ಬೂದಿಯ ಮೇಲೆ. ನಮ್ಮ ಬಚ್ಚಲನ್ನು ನೋಡಬೇಕೆಂದು ಒಂದು ಆದಿತ್ಯವಾರ ಬಂದನು. ಬಂದವನು ಬೆಂಕಿಯನ್ನು ನೋಡಲೇ ಇಲ್ಲ. ಗೂಡಿನೊಳಗೆ ಕೈ ಹಾಕಿ ಬೂದಿಯನ್ನು ತೆಗೆದು ಅಂಗೈಯಲ್ಲಿ ಉಜ್ಜಿದನು. "ಸರ್, ಹೊಗಿ ನೋಡಬ್ಯಾಡ್ರಿ, ಬೂದಿ ನೋಡ್ರಿ. ಕರಿ ಹರಳು ಸಿಕ್ರ ಕೆಳಗಿನ ಗಾಳಿ ಸಾಲ್ವಲ್ದು ಅಂತ ತಿಳೀರಿ. ಬಿಳಿ ಹಿಟ್ಟಿನಂಗ ಇದ್ರ ಛಲೋ" ಎಂದನು. ಆಮೇಲೆ ಅಕ್ಕನವರ ಅನುಮತಿಯನ್ನು ಕೇಳಿ, ಗೌಂಡಿಯ ಇಟ್ಟಿಗೆಯನ್ನು ಸಬ್ಬಲಿನಿಂದ ಕಿತ್ತೊಗೆದನು. ಮಾಳಿಗೆ ಹತ್ತಿ ಟೊಪ್ಪಿಗೆಯನ್ನು ಒಂದು ಗೇಣು ಮೇಲಕ್ಕೆ ಎತ್ತಿ ಕಟ್ಟಿದನು. ಬೆಂಕಿಯು ಆ ಕ್ಷಣದಲ್ಲಿ ಬುಸುಗುಟ್ಟಿ ಎದ್ದಿತು.

ಇಷ್ಟಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಈಗ ಇಪ್ಪತ್ತು ನಿಮಿಷದಲ್ಲಿ ನೀರು ಕುದಿಯಹತ್ತಿತು, ಆದರೆ ಇದ್ದಲಿನ ಖರ್ಚು ನಾವು ಬಯಸಿದಷ್ಟು ಇಳಿಯಲಿಲ್ಲ. ಮಾಳಿಗೆಯ ಮೇಲೆ ಹೊಗೆಯ ಕೊಳವೆಗೆ ನೀರಿನ ಹನಿಯನ್ನು ಚಿಮುಕಿಸಿದರೆ ಚೊಂಯ್ಯೆಂದು ಹಾರಿಹೋಗುತ್ತಿತ್ತು. ಗಾಳಿ ಹೆಚ್ಚಾದರೆ ಅದು ಶಾಖವನ್ನು ನೀರಿಗೆ ಕೊಡುವಷ್ಟು ಹೊತ್ತು ನಿಲ್ಲದೆ ಮುಗಿಲಿಗೆ ಹೊತ್ತೊಯ್ಯುತ್ತದೆ. ಕಡಿಮೆಯಾದರೆ ಒಂದು ನಷ್ಟ, ಹೆಚ್ಚಾದರೆ ಇನ್ನೊಂದು ನಷ್ಟ; ನಡುವಿನ ಹದವನ್ನು ಹುಡುಕಬೇಕು. ಇಲ್ಲಿ ನಮ್ಮ ಗೃಹಸ್ಥರು ಸಾಧಾರಣವಾಗಿ ಮಾಡುವದೇನೆಂದರೆ, ಬೆಂಕಿ ಜೋರಾಯಿತೆಂದು ಮೇಲಿನ ಹೊಗೆಯ ದಾರಿಗೆ ಹಂಚನ್ನೋ ತಗಡನ್ನೋ ಅಡ್ಡವಿಡುವದು. ಇದರಷ್ಟು ಅಪಾಯದ ಕೆಲಸ ಮತ್ತೊಂದಿಲ್ಲ. ಮೇಲೆ ಮುಚ್ಚಿದರೆ ಬೆಂಕಿಯೇನೋ ತಣಿಯುತ್ತದೆ, ಆದರೆ ಆಗಿರುವ ವಿಷಗಾಳಿಯು ಕೆಳಗಿನ ಬಾಯಿಂದ ಮನೆಯೊಳಗೆ ತಿರುಗುತ್ತದೆ. ಬೆಂಕಿಯನ್ನು ಆಳತಕ್ಕದ್ದು ಕೆಳಗಿನ ಬಾಗಿಲಿನಿಂದ. ಒಳಗೆ ಬರುವ ಗಾಳಿಯನ್ನು ಕಡಿಮೆ ಮಾಡಿ. ಹೊರಗೆ ಹೋಗುವ ದಾರಿಯು ಸದಾ ಬಿಚ್ಚಿರಲಿ.

ಶಕ್ತಿನಗರದಲ್ಲಿಯೂ ಈ ಸೂತ್ರವೇ ನಡೆಯುತ್ತದೆಂದರೆ ಚೋದ್ಯವೆನಿಸಬಹುದು. ಅಲ್ಲಿಯ ಮೊದಲನೆಯ ಘಟಕವು 1985ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ತು ಮಾಡುವ ಮೊದಲ ಕೇಂದ್ರವದು. ಶಾಲೆಯ ಹುಡುಗರನ್ನು ಕರೆದುಕೊಂಡು ನಾನು ಅಲ್ಲಿಗೆ ಹೋದದ್ದುಂಟು. ಸಿಂಗರೇಣಿ ಮೊದಲಾದ ಗಣಿಗಳಿಂದ ಬಂದ ಕಲ್ಲಿದ್ದಲನ್ನು ಮುಖಕ್ಕೆ ಹಚ್ಚುವ ಪುಡಿಯಷ್ಟು ಸಣ್ಣಗೆ ಬೀಸಿ, ಗಾಳಿಯೊಡನೆ ಬೆಂಕಿಯ ಕೋಣೆಯೊಳಕ್ಕೆ ಊದುತ್ತಾರೆ. ಗಾಳಿಯನ್ನು ಒಳಗೆ ದೂಡುವ ಪಂಖ ಬೇರೆ, ಹೊಗೆಯನ್ನು ಹೊರಗೆ ಸೆಳೆಯುವ ಪಂಖ ಬೇರೆ. ಲೆಕ್ಕಕ್ಕೆ ಬೇಕಾದದ್ದಕ್ಕಿಂತ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚು ಗಾಳಿಯನ್ನು ಕೊಡುವದು ಇಂಥ ಬಾಯ್ಲರುಗಳ ವಾಡಿಕೆ. ಅದಕ್ಕಿಂತ ಹೆಚ್ಚಾದರೆ ಶಾಖ ಹೋಗುತ್ತದೆ, ಕಡಿಮೆಯಾದರೆ ಇದ್ದಲು ಹಾಗೆಯೇ ಉಳಿಯುತ್ತದೆ. ಮುಖ್ಯವಾದದ್ದು ಮತ್ತೊಂದು. ಸೆಳೆಯುವ ಪಂಖವನ್ನು ದೂಡುವದಕ್ಕಿಂತ ಒಂದು ಕೂದಲೆಳೆಯಷ್ಟು ಮೇಲುಗೈಯಾಗಿ ನಡೆಯಿಸುತ್ತಾರೆ. ಹಾಗೆ ಮಾಡಿದರೆ ಬೆಂಕಿಯ ಕೋಣೆಯಲ್ಲಿ ಬಿರುಕಿದ್ದರೂ ಹೊರಗಿನ ಗಾಳಿ ಒಳಗೆ ಹೋಗುವದೇ ಹೊರತು ಒಳಗಿನ ಜ್ವಾಲೆ ಹೊರಗೆ ಬರಲಾರದು. ನಮ್ಮ ಬಚ್ಚಲಿಗೆ ಪಂಖಗಳಿಲ್ಲ, ಎತ್ತರದ ಹೊಗೆಗೊಳವೆಯೇ ಸೆಳೆಯುವ ಪಂಖ. ಅದರ ಮೇಲುಗೈಯನ್ನು ಪರೀಕ್ಷಿಸುವದಕ್ಕೆ ನಾನು ಊದಿನಕಡ್ಡಿಯೊಂದನ್ನು ಹೊತ್ತಿಸಿ ಬೆಂಕಿಯ ಬಾಯಿಗೆ ಹಿಡಿಯುತ್ತೇನೆ. ಕಡ್ಡಿಯ ಹೊಗೆ ಒಳಗೆ ಎಳೆದುಕೊಂಡರೆ ನಿಶ್ಚಿಂತೆ. ಹೊರಗೆ ಬಾಗಿದರೆ ಕೊಳವೆಯಲ್ಲಿ ಮಸಿಯೋ ಗೂಡೋ ಕಟ್ಟಿದೆಯೆಂದು ತಿಳಿದು, ಬೆಂಕಿಯನ್ನು ತೆಗೆದು, ಶೋಧಿಸಬೇಕು.

ಕಲ್ಲಿದ್ದಲಿನ ಮಾತು ಬಂದದ್ದರಿಂದ ಒಂದು ವಿಷಯ. ಬೊಂಬಾಯಿಯಿಂದ ಬಂದ ರೈಲುದಾರಿಯೂ ಮದ್ರಾಸಿನಿಂದ ಬಂದ ರೈಲುದಾರಿಯೂ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲಿ. ಉಗಿಬಂಡಿಗಳು ಓಡುತ್ತಿದ್ದಷ್ಟು ದಿನ ಅವು ಉದುರಿಸಿದ ಅರೆಬೆಂದ ಕಲ್ಲಿದ್ದಲನ್ನು ಆಯ್ದು ತಂದು ಶೆಗಡಿಗೆ ಹಾಕುವವರು ನಿಲ್ದಾಣದ ಸುತ್ತಿನ ಓಣಿಗಳಲ್ಲಿ ಬಹಳವಿದ್ದರು. ತಾಮ್ರದ ಬಾಯ್ಲರಿಗೆ ಮಾತ್ರ ಅದನ್ನು ಹಾಕಬಾರದು. ಅದರ ಬೂದಿ ಕರಗಿ ಜಾಲರಿಗೆ ಕಿಟ್ಟ ಕಟ್ಟುತ್ತದೆ. ಅದರೊಳಗಿನ ಗಂಧಕವು ತಾಮ್ರವನ್ನು ತಿನ್ನುತ್ತದೆ. ನಮ್ಮಲ್ಲಿ ಬಳ್ಳಾರಿ ಜಾಲಿಯ ಇದ್ದಲು ಧಾರಾಳವಾಗಿ ಸಿಗುತ್ತದೆ. ಅದನ್ನು ನಿಂಬೆಹಣ್ಣಿನ ಗಾತ್ರಕ್ಕೆ ಒಡೆದು, ಪುಡಿಯನ್ನು ಜರಡಿಯಾಡಿ ತೆಗೆದುಬಿಡಬೇಕು. ಪುಡಿಯು ಜಾಲರಿಯ ಸಂದುಗಳನ್ನು ತುಂಬಿ ಗಾಳಿಯ ಕುತ್ತಿಗೆಯನ್ನು ಹಿಚುಕುತ್ತದೆ.

ಇನ್ನು ಉಳಿದದ್ದು ರಾತ್ರಿಯ ಪ್ರಶ್ನೆ. ಹನ್ನೊಂದಕ್ಕೂ ಮೂರಕ್ಕೂ ಐದಕ್ಕೂ ನೀರು ಬೇಕು; ಹಾಗೆಂದು ರಾತ್ರಿಯೆಲ್ಲ ಒಬ್ಬರು ಬಚ್ಚಲ ಮುಂದೆ ಕೂರಲಾಗದು. ಇದಕ್ಕೆ ದಾರಿಯನ್ನು ತೋರಿಸಿದವನು ಅಮೆರಿಕೆಯ ಪೆನ್ಸಿಲ್ವೇನಿಯದಲ್ಲಿರುವ ಇನ್ನೊಬ್ಬ ವಿದ್ಯಾರ್ಥಿ, ದೇವದುರ್ಗದ ಹುಡುಗ. ಕೂಸಿನ ಕ್ಷೇಮವನ್ನು ಕೇಳಲು ದೂರವಾಣಿಯಲ್ಲಿ ಮಾತಾಡಿದಾಗ ನಮ್ಮ ಬಾಯ್ಲರಿನ ಕಥೆಯನ್ನು ಕೇಳಿ ನಕ್ಕನು. ಅವನ ಮನೆಯ ನೆಲಮಾಳಿಗೆಯಲ್ಲಿಯೂ ಕಲ್ಲಿದ್ದಲಿನ ಬಾಯ್ಲರೇ ಇದೆಯಂತೆ. ಇಡೀ ಮನೆಯನ್ನು ಬೆಚ್ಚಗಿಡುವದು ಅದೇ. ಆ ಸೀಮೆಯಲ್ಲಿ ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲಿನ ಗಣಿಗಳಿವೆ. ಅದನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ಒಂದೊಂದಕ್ಕೆ ಒಂದೊಂದು ಹೆಸರಿಟ್ಟು ಮಾರುತ್ತಾರೆ. ಸಣ್ಣ ಗಾತ್ರವೊಂದಕ್ಕೆ 'ರೈಸ್', ಎಂದರೆ ಅಕ್ಕಿಯೆಂದೇ ಹೆಸರು. ಮಾನವಿಯಲ್ಲಿ ಭತ್ತವು ಉರುವಲಾದರೆ ಅಲ್ಲಿ ಉರುವಲು ಅಕ್ಕಿಯಾಗಿದೆ. ಸ್ಟೋಕರ್ ಎಂ ಯಂತ್ರವು ಆ ಅಕ್ಕಿಯನ್ನು ಡಬ್ಬಿಯಿಂದ ಸ್ವಲ್ಪಸ್ವಲ್ಪವಾಗಿ ಜಾಲರಿಯ ಮೇಲೆ ನೂಕುತ್ತದೆ, ಕೆಳಗಿನಿಂದ ಪಂಖವು ಗಾಳಿಯೂದುತ್ತದೆ. ನೂಕುವ ವೇಗ, ಗಾಳಿಯ ಪ್ರಮಾಣ ಎರಡನ್ನೂ ಮನೆಯ ಯಜಮಾನನು ತಿರುಪುಗಳಿಂದ ಹೊಂದಿಸಬೇಕು. ಅವನ ಗುರುತೂ ಬೂದಿಯೇ! ಜಾಲರಿಯ ಕೊನೆಯಲ್ಲಿ ಒಂದು ಅಂಗುಲದಷ್ಟು ಅಗಲ ಬೂದಿಯ ಪಟ್ಟಿಯಿರಬೇಕು. ಕೆಂಪು ಕೆಂಡವೇ ಬೂದಿಯ ತೊಟ್ಟಿಗೆ ಉದುರಿದರೆ ನೂಕುವದು ಹೆಚ್ಚಾಯಿತು. ಬೂದಿಯ ಪಟ್ಟಿ ತೀರ ಅಗಲವಾದರೆ ಕಡಿಮೆಯಾಯಿತು. ಶಾಖ ಬೇಡವಾದ ಹೊತ್ತಿನಲ್ಲಿಯೂ ಬೆಂಕಿ ಸಾಯದಂತೆ ಯಂತ್ರವು ಪ್ರತಿ ಅರ್ಧ ಗಂಟೆಗೆ ಕೆಲವು ನಿಮಿಷ ತಾನಾಗಿಯೇ ನೂಕಿ ಊದಿ ನಿಲ್ಲುತ್ತದಂತೆ. "ಸರ್, ಬೆಂಕೀನ ಆರಸಬಾರದು, ಮಲಗಿಸಬೇಕು" ಎಂದನು. ನೆಲಮಾಳಿಗೆಯಲ್ಲಿಯೂ ಮಲಗುವ ಕೋಣೆಯಲ್ಲಿಯೂ ಮೊನಾಕ್ಸೈಡನ್ನು ಗುರುತಿಸಿ ಕೂಗುವ ಯಂತ್ರವನ್ನು ಇಟ್ಟಿದ್ದಾನೆ. ಅಂಥದೊಂದನ್ನು ತರಿಸಿ ನಾನೂ ಬಾಣಂತಿಯ ಕೋಣೆಯಲ್ಲಿ ತೂಗುಹಾಕಿದೆನು.

ನಮಗೆ ಆ ಸ್ವಯಂಚಾಲಿತ ವ್ಯವಸ್ಥೆಯಿಲ್ಲ. ಪೇಟೆಯ ತಗಡಿನ ಕೆಲಸದವನಿಂದ ಬೂದಿಗೂಡಿನ ಬಾಯಿಗೆ ಸರಿದಾಡುವ ತಗಡಿನ ಕದವೊಂದನ್ನು ಮಾಡಿಸಿದೆನು. ಅದರಲ್ಲಿ ರೂಪಾಯಿಯಗಲದ ಮೂರು ತೂತು. ಕದವನ್ನು ಪೂರ್ತಿ ತೆಗೆಯುವದು ಹೊತ್ತಿಸುವಾಗ ಹತ್ತು ನಿಮಿಷ ಮಾತ್ರ. ಆ ಹತ್ತು ನಿಮಿಷದಲ್ಲಿ ಇದ್ದಲಿನ ಮೇಲೆ ನೀಲಿಯ ಎಳೆಯ ಜ್ವಾಲೆಗಳು ಕುಣಿಯುತ್ತವೆ. ಅದು ಮೊನಾಕ್ಸೈಡು ಮೇಲಿನ ಗಾಳಿಯನ್ನು ಕೂಡಿ ಸುಡುವ ಬಣ್ಣ. ಅಲ್ಲಿ ಸುಟ್ಟುಹೋದಷ್ಟೂ ನಮಗೆ ಲಾಭ. ಆಮೇಲೆ ಕದವನ್ನು ಮುಚ್ಚಿ ಮೂರು ತೂತುಗಳನ್ನೂ ಬಿಟ್ಟರೆ ಮೂವತ್ತೈದು ನಲವತ್ತು ನಿಮಿಷದಲ್ಲಿ ನೀರು ಎರೆಯುವಷ್ಟು ಕಾಯುತ್ತದೆ. ಕೊಳವೆಗೆ ಚಿಮುಕಿಸಿದ ಹನಿಯು ಹಾರದೆ ನಿಧಾನವಾಗಿ ಆರುತ್ತದೆ. ರಾತ್ರಿ ಹತ್ತಕ್ಕೆ ಹೊಸ ಇದ್ದಲನ್ನು ಒಂದು ಪಕ್ಕಕ್ಕೆ ಹಾಕಿ, ಕೆಂಡದ ಮೇಲೆ ತೆಳ್ಳಗೆ ಬೂದಿ ಎಳೆದು, ಒಂದೇ ತೂತನ್ನು ಬಿಡುತ್ತೇವೆ. ಬೆಂಕಿ ಮಲಗುತ್ತದೆ. ಅದು ಬಿಡುವ ವಿಷವು ಮಾಳಿಗೆಯ ಮೇಲೆ ಹೋಗುತ್ತದೆ, ಏಕೆಂದರೆ ಹೊಗೆಯ ದಾರಿಯನ್ನು ನಾವು ಮುಟ್ಟಿಲ್ಲ. ಮೂರು ಗಂಟೆಗೆ ಎದ್ದಾಗ ನೀರು ಕೈ ಹಿಡಿಯದಷ್ಟು ಬಿಸಿ. ನಾಲ್ಕೂವರೆಗೆ ಜಾಲರಿಯನ್ನು ಕಡ್ಡಿಯಿಂದ ಕೆದಕಿ ಕದವನ್ನು ತೆಗೆದರೆ ಐದಕ್ಕೆ ಸಿದ್ಧ. ಎರೆಯುವ ಒಂದು ಸಲಕ್ಕೆ ನಲವತ್ತು ಲೀಟರಿಗೆ ಇದ್ದಲು ಈಗ ಅರ್ಧ ಕಿಲೋಕ್ಕೆ ತುಸು ಕಡಿಮೆ.

ಇದರಲ್ಲಿ ನನ್ನ ಪಾಂಡಿತ್ಯವೇನೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ವಿಭಾಗದವರು ಜಾಲರಿಯೂ ಹೊಗೆಗೊಳವೆಯೂ ಉಳ್ಳ ಅಸ್ತ್ರ ಒಲೆಯನ್ನು ಮಾಡಿ ಹಳ್ಳಿಗಳಿಗೆ ಕೊಟ್ಟಾಗ ಹೇಳಿದ್ದೂ ಇದೇ ತತ್ತ್ವ. ಆ ಒಲೆಗಳನ್ನು ಹಾಕಿಸಿಕೊಂಡ ಕೆಲವು ಮನೆಗಳಲ್ಲಿ ಕೊಳವೆಯ ಮಸಿಯನ್ನು ತೆಗೆಯದೆ ಬಿಟ್ಟು, ಹೊಗೆ ತಿರುಗಿತೆಂದು ಒಲೆಯನ್ನೇ ಒಡೆದುಹಾಕಿದ್ದನ್ನು ನಾನು ಕಂಡಿದ್ದೇನೆ. ವರ್ಷಕ್ಕೆರಡು ಸಲ ಕೊಳವೆಗೆ ಹಗ್ಗದಲ್ಲಿ ಕಟ್ಟಿದ ಗೋಣಿಯ ಸಿಂಬಿಯನ್ನು ಇಳಿಬಿಟ್ಟು ಎಳೆದರೆ ಸಾಕು. ಗಿರಣಿಯ ಬಾಯ್ಲರಿಗೆ ಸರಕಾರದ ಪರೀಕ್ಷಕರು ಬರುತ್ತಾರೆ. ಬಚ್ಚಲ ಬಾಯ್ಲರಿಗೆ ನಾವೇ ಪರೀಕ್ಷಕರು.

ಅಕ್ಕನವರು ಎಲ್ಲವನ್ನೂ ಒಪ್ಪಿದರೆಂದು ಬರೆದರೆ ಸುಳ್ಳಾದೀತು. ಕಿಟಕಿಯ ಒಂದು ಕದವನ್ನು ತೆರೆದಿಡುವದಕ್ಕೆ ಒಪ್ಪಿದರು, ಆದರೆ ಅದಕ್ಕೆ ತಮ್ಮ ಹಳೆಯ ಸೀರೆಯ ಪರದೆಯನ್ನು ಕಟ್ಟಿದರು. ಲೋಬಾನದ ಹೊಗೆಯನ್ನು ಬಿಡಲಿಲ್ಲ; ಈಗ ಅದನ್ನು ಪಡಸಾಲೆಯಲ್ಲಿ, ಬಾಗಿಲು ತೆರೆದು, ಎರಡು ನಿಮಿಷ ಹಾಕುತ್ತಾರೆ. ಹತ್ತಿಕಟ್ಟಿಗೆಯ ಉರಿಯಲ್ಲಿ ಕಾದ ನೀರು ಇದ್ದಲಿನಲ್ಲಿ ಕಾದ ನೀರಿಗಿಂತ ಮೃದುವೆಂಬ ವಾದವನ್ನು ಇನ್ನೂ ಮಾಡುತ್ತಾರೆ. ಅದನ್ನು ನಾನು ಖಂಡಿಸಲು ಹೋಗಿಲ್ಲ. ರಾತ್ರಿಯ ಮೂರು ಗಂಟೆಯ ಸರದಿಯನ್ನು ಮಾತ್ರ ನನ್ನಿಂದ ಕಿತ್ತುಕೊಂಡರು. ಒಮ್ಮೆ ನಾನು ಎದ್ದು ನೋಡಿದಾಗ ಅವರು ಅಂಗಳದಲ್ಲಿ ಕುಳಿತು, ಊದಿನಕಡ್ಡಿಯನ್ನು ಬೆಂಕಿಯ ಬಾಯಿಗೆ ಹಿಡಿದು, ಹೊಗೆ ಯಾವ ಕಡೆಗೆ ಬಾಗುವದೆಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

ಮೂರನೆಯ ತಿಂಗಳು ತುಂಬಿದ ಮೇಲೆ ಅವರು ಮಾನವಿಗೆ ಹೊರಟರು. ಹೊರಡುವ ಮೊದಲು ತಗಡಿನ ಕದದ ಅಳತೆಯನ್ನು ದಾರದಲ್ಲಿ ಹಿಡಿದು, ದಾರವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಅವರ ಮನೆಯ ಬಾಯ್ಲರು ನಮ್ಮದಕ್ಕಿಂತ ದೊಡ್ಡದು. ಮೂರು ತೂತು ಸಾಲಲಾರದು, ನಾಲ್ಕು ಹಾಕಿಸಿರೆಂದು ಹೇಳಿ ಕಳಿಸಿದ್ದೇನೆ.